ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹದಿನೈದು ದಿನದ ಹಿಂದೆ ಕಾರ್ಯದರ್ಶಿಗಳು ಮನೆಗೆ ಬಂದು, “ಮೇಷ್ಟ್ರೇ, ಸಹಕಾರದ ವಿಚಾರ ಎಲ್ಲರೂ ಮಾತಾಡ್ತಾರೆ. ನೀವು ವಿಜ್ಞಾನ ಪಾಠ ಮಾಡಿದೋರು. ಬೆಳ್ಳಿಹಬ್ಬ ಅಲ್ವಾ, ಬೆಳ್ಳಿ ವಿಚಾರವೇ ನಾಲ್ಕು ಮಾತು ಹೇಳಿ” ಅಂದರು. ನನಗೆ ಸಂತೋಷವಾಯಿತು. ಇಪ್ಪತ್ತೈದು ವರ್ಷ ತುಂಬಿದರೆ ಬೆಳ್ಳಿಹಬ್ಬ, ಐವತ್ತಕ್ಕೆ ಚಿನ್ನದ ಹಬ್ಬ ಅಂತ ಎಲ್ಲರೂ ಹೇಳುತ್ತೇವೆ. ಆದರೆ ಆ ಬೆಳ್ಳಿ ಎಲ್ಲಿಂದ ಬರುತ್ತದೆ, ಹೇಗೆ ಶುದ್ಧವಾಗುತ್ತದೆ, ಅದು ಯಾಕೆ ದುಡ್ಡಾಯಿತು, ಆಮೇಲೆ ಯಾಕೆ ದುಡ್ಡಾಗಿ ಉಳಿಯಲಿಲ್ಲ ಎಂಬುದನ್ನು ಕೇಳಿದರೆ ಕಾಲಲ್ಲಿ ಬೆಳ್ಳಿ ಹಾಕಿಕೊಂಡವರಿಗೂ ಗೊತ್ತಿರುವುದಿಲ್ಲ.

ವಿಷಯಕ್ಕೆ ಬರುವ ಮುಂಚೆ ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ನಮ್ಮ ತಾಯಿಗೆ ತವರಿನಿಂದ ಬಂದಿದ್ದ ಒಂದು ಜೊತೆ ಬೆಳ್ಳಿ ಕಾಲ್ಕಡಗ ಇದ್ದವು. ಒಂದು ವರ್ಷ ಮಳೆ ಕೈಕೊಟ್ಟಿತು, ರಾಗಿ ಒಣಗಿತು. ನಮ್ಮಪ್ಪ ಆ ಕಡಗ ತೆಗೆದುಕೊಂಡು ಹೋಗಿ ಒಂದು ಗಿರವಿ ಅಂಗಡಿಯಲ್ಲಿಟ್ಟು ದುಡ್ಡು ತಂದರು. ಅಂಗಡಿಯವರು ಕಡಗವನ್ನು ಕೈಯಲ್ಲಿ ಒಂದು ಸಲ ತೂಗಿ ನೋಡಿ, “ಇದು ಕಲಬೆರಕೆ ಬೆಳ್ಳಿ, ಇಷ್ಟೇ ಬರೋದು” ಅಂದರಂತೆ. ಒರೆಗೆ ಹಚ್ಚಲಿಲ್ಲ, ತೂಕ ಬರೆಯಲಿಲ್ಲ, ಚೀಟಿಯನ್ನೂ ಕೊಡಲಿಲ್ಲ. ಎರಡು ವರ್ಷವಾದ ಮೇಲೆ ಬಿಡಿಸಿಕೊಳ್ಳಲು ಹೋದರೆ ಬಡ್ಡಿ ಅಸಲನ್ನು ಮೀರಿತ್ತು. ಕಡಗ ಮುಳುಗಿಹೋಯಿತು. ಅದು ಎಷ್ಟು ತೂಕ ಇತ್ತು, ಎಷ್ಟು ಶುದ್ಧ ಇತ್ತು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಇವತ್ತಿನವರೆಗೂ ಗೊತ್ತಿಲ್ಲ. ನಮ್ಮಮ್ಮನ ಕಾಲಿನಲ್ಲಿ ಕಡಗದ ಕಪ್ಪು ಗುರುತು ಮಾತ್ರ ಬಹಳ ವರ್ಷ ಇತ್ತು. ನಾನು ಈಗ ಹೇಳುವ ವಿಜ್ಞಾನವೆಲ್ಲ ಆ ಗುರುತಿನಿಂದಲೇ ಶುರುವಾಯಿತು ಅಂದುಕೊಳ್ಳಿ.

ಬೆಳ್ಳಿ ಎಲ್ಲಿ ಸಿಗುತ್ತದೆ

ನಮ್ಮದು ಚಿನ್ನದ ನಾಡು. ಕೋಲಾರ ಅಂದರೆ ಜಗತ್ತಿಗೆಲ್ಲ ನೆನಪಾಗುವುದು ಕೆ.ಜಿ.ಎಫ್. ಅಲ್ಲಿ 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 120 ವರ್ಷಗಳಲ್ಲಿ 800 ಟನ್ನಿಗೂ ಮೇಲೆ ಚಿನ್ನ ಹೊರಬಂತು. ಕೊನೆಗೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಮ್ಮ ಸಂಘ ಹುಟ್ಟಿದ್ದೂ ಅದೇ ವರ್ಷ. ಜಿಲ್ಲೆಯ ಒಂದು ಕಡೆ ಚಿನ್ನ ನಿಂತುಹೋಯಿತು, ಇನ್ನೊಂದು ಕಡೆ ನಾವು ಕ್ಯಾನು ಹಿಡಿದುಕೊಂಡು ಹಾಲು ಹಾಕಲು ಶುರು ಮಾಡಿದೆವು.

ಬೆಳ್ಳಿಗೂ ಕೆ.ಜಿ.ಎಫ್.ಗೂ ಏನು ಸಂಬಂಧ ಅಂತೀರಾ? ಇದೆ. ಭೂಮಿಯಲ್ಲಿ ಸಿಗುವ ಚಿನ್ನ ಎಂದೂ ಒಂಟಿಯಾಗಿರುವುದಿಲ್ಲ, ಅದರ ಜೊತೆ ಸ್ವಲ್ಪವಾದರೂ ಬೆಳ್ಳಿ ಬೆರೆತಿರುತ್ತದೆ. ಕೋಲಾರದ ಚಿನ್ನದಲ್ಲೂ ಇತ್ತು. ಈಗ ನಮ್ಮ ರಾಜ್ಯದಲ್ಲಿ ಕೆಲಸ ಮಾಡುತ್ತಿರುವ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲೂ ಚಿನ್ನದ ಬೆನ್ನಿಗೆ ಒಂದಿಷ್ಟು ಬೆಳ್ಳಿ ಬರುತ್ತದೆ. ಕರ್ನಾಟಕದ ಬೆಳ್ಳಿ ಅಂದರೆ ಅಷ್ಟೇ.

ಬೆಳ್ಳಿಯ ಸ್ವಭಾವವೇ ಹಾಗೆ. ಅದು ಬೇರೆ ಲೋಹದ ಮನೆಯಲ್ಲಿ ಬಾಡಿಗೆಗೆ ಇರುವ ಲೋಹ. ಸೀಸ, ಸತು, ತಾಮ್ರ, ಚಿನ್ನ, ಇವುಗಳ ಅದಿರಿನಲ್ಲಿ ಸೇರಿಕೊಂಡಿರುತ್ತದೆ. ಬೆಳ್ಳಿಗಾಗಿಯೇ ಅಗೆಯುವ ಗಣಿಗಳು ಜಗತ್ತಿನಲ್ಲಿ ಕಡಿಮೆ. ಹೆಚ್ಚಿನ ಪಾಲು ಬೆಳ್ಳಿ ಬೇರೆ ಲೋಹ ತೆಗೆಯುವಾಗ ಜೊತೆಯಲ್ಲಿ ಬರುವಂಥದ್ದು. ಭಾರತದಲ್ಲಿ ಇದಕ್ಕೆ ದೊಡ್ಡ ಜಾಗ ರಾಜಸ್ಥಾನ. ಅಲ್ಲಿಯ ಜಾವರ್, ದರೀಬಾ ಎಂಬ ಕಡೆ 2,000 ವರ್ಷಕ್ಕೂ ಹಿಂದೆಯೇ ನಮ್ಮ ಜನ ಬೆಂಕಿ ಹಾಕಿ ಬಂಡೆ ಸೀಳಿ ಸೀಸ, ಬೆಳ್ಳಿ ತೆಗೆಯುತ್ತಿದ್ದರು. ಈಗ ಅಲ್ಲಿ ಹಿಂದೂಸ್ತಾನ್ ಜಿಂಕ್ ಕಂಪನಿ ಸೀಸ ಮತ್ತು ಸತುವಿನ ಜೊತೆ ವರ್ಷಕ್ಕೆ ಸುಮಾರು 700 ಟನ್ ಬೆಳ್ಳಿ ತೆಗೆಯುತ್ತದೆ. ನಮ್ಮ ದೇಶದ ಹಸಿವಿಗೆ ಅದು ಸಾಲದು. 2024ರಲ್ಲಿ 7,000 ಟನ್ನಿಗೂ ಮೇಲೆ ಬೆಳ್ಳಿಯನ್ನು ಹೊರದೇಶಗಳಿಂದ ತರಿಸಿಕೊಂಡೆವು. ನಿಮ್ಮ ಕಾಲುಂಗುರದ ಬೆಳ್ಳಿ ಬಹುಮಟ್ಟಿಗೆ ಸಮುದ್ರ ದಾಟಿ ಬಂದದ್ದು. ಇದು ಇವತ್ತಿನ ಮಾತಲ್ಲ, 400 ವರ್ಷದಿಂದ ಹಾಗೇ ನಡೆದಿದೆ. ದಕ್ಷಿಣ ಅಮೆರಿಕದ ಪೊಟೋಸಿ ಎಂಬ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ಸ್ಪೇನಿನವರು ಅಲ್ಲಿಯ ಮೂಲ ನಿವಾಸಿಗಳನ್ನು ಸರದಿ ಪ್ರಕಾರ ಬಿಟ್ಟಿ ದುಡಿಮೆಗೆ ಎಳೆದು ಗಣಿಗೆ ಇಳಿಸಿದರು. ಆ ಬೆಳ್ಳಿ ಯೂರೋಪಿಗೆ ಹೋಗಿ, ಅಲ್ಲಿಂದ ಮೆಣಸಿಗೂ ಬಟ್ಟೆಗೂ ಬೆಲೆಯಾಗಿ ನಮ್ಮ ಬಂದರುಗಳಿಗೆ ಬಂತು.

ಅದಿರಿನಿಂದ ಗಟ್ಟಿಯವರೆಗೆ

ಒಂದು ಟನ್ ಅದಿರು, ಅಂದರೆ ಒಂದು ಎತ್ತಿನ ಗಾಡಿ ಕಲ್ಲು ಅಂತ ಇಟ್ಟುಕೊಳ್ಳಿ. ಅದರಲ್ಲಿ 100 ಗ್ರಾಂ ಬೆಳ್ಳಿ ಇದ್ದರೂ ಒಳ್ಳೆಯ ಅದಿರು. ಅಷ್ಟು ಕಲ್ಲಿನಿಂದ ಅಷ್ಟನ್ನು ತೆಗೆಯುವುದು ಹೇಗೆ?

ಮೊದಲು ಕಲ್ಲನ್ನು ಒಡೆದು ಹಿಟ್ಟಿನಂತೆ ಅರೆಯುತ್ತಾರೆ. ಆ ಹಿಟ್ಟನ್ನು ದೊಡ್ಡ ತೊಟ್ಟಿಯ ನೀರಿನಲ್ಲಿ ಕಲಸಿ, ಕೆಲವು ರಾಸಾಯನಿಕ ಸೇರಿಸಿ, ಕೆಳಗಿನಿಂದ ಗಾಳಿ ಊದುತ್ತಾರೆ. ನೊರೆ ಏಳುತ್ತದೆ. ಲೋಹವಿರುವ ಕಣಗಳು ನೊರೆಗೆ ಅಂಟಿಕೊಂಡು ಮೇಲೆ ಬರುತ್ತವೆ, ಬರೀ ಕಲ್ಲಿನ ಕಣಗಳು ತಳಕ್ಕೆ ಕೂರುತ್ತವೆ. ಮೊಸರು ಕಡೆದಾಗ ಬೆಣ್ಣೆ ಮೇಲೆ ತೇಲುತ್ತದಲ್ಲ, ನೋಡುವುದಕ್ಕೆ ಹಾಗೆಯೇ. ಆ ನೊರೆ ಬಳಿದು ಒಣಗಿಸಿದರೆ ಸೀಸದ ಪುಡಿ. ಅದನ್ನು ಕುಲುಮೆಯಲ್ಲಿ ಕರಗಿಸಿದರೆ ಸೀಸ ಬರುತ್ತದೆ, ಸೀಸದೊಳಗೆ ಬೆಳ್ಳಿ ಕರಗಿಕೊಂಡಿರುತ್ತದೆ.

ಈಗ ಸೀಸದಿಂದ ಬೆಳ್ಳಿಯನ್ನು ಬಿಡಿಸಬೇಕು. ಕರಗಿದ ಸೀಸಕ್ಕೆ ಒಂದಿಷ್ಟು ಸತು ಹಾಕುತ್ತಾರೆ. ಬೆಳ್ಳಿಗೆ ಸೀಸಕ್ಕಿಂತ ಸತುವಿನ ಸಹವಾಸ ಹೆಚ್ಚು ಇಷ್ಟ. ಬೆಳ್ಳಿಯೆಲ್ಲ ಸತುವಿಗೆ ಸೇರಿಕೊಂಡು, ಕಾಸಿ ಆರಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೆ ಕಟ್ಟುತ್ತದೆ. ಆ ಕೆನೆ ತೆಗೆದು ಕಾಸಿದರೆ ಸತು ಆವಿಯಾಗಿ ಹೋಗುತ್ತದೆ. 1850ರ ಸುಮಾರಿಗೆ ಇಂಗ್ಲೆಂಡಿನ ಪಾರ್ಕ್ಸ್ ಎಂಬುವರು ಕಂಡುಹಿಡಿದ ಉಪಾಯ ಇದು.

ಅದಕ್ಕೂ ಹಿಂದೆ, ಸಾವಿರಾರು ವರ್ಷದಿಂದ ಇದ್ದ ಉಪಾಯ ಇನ್ನೊಂದಿದೆ. ಮೂಳೆಯ ಬೂದಿಯಿಂದ ಒಂದು ಬಟ್ಟಲು ಮಾಡುತ್ತಾರೆ. ಬೆಳ್ಳಿ ಬೆರೆತ ಸೀಸವನ್ನು ಅದರಲ್ಲಿಟ್ಟು ಚೆನ್ನಾಗಿ ಕಾಸಿ, ತಿದಿಯಿಂದ ಗಾಳಿ ಒತ್ತುತ್ತಾರೆ. ಸೀಸ ಗಾಳಿಯ ಜೊತೆ ಸೇರಿ ಬೂದಿಯಾಗಿ ಬಟ್ಟಲಿನೊಳಗೆ ಇಂಗಿಹೋಗುತ್ತದೆ. ತಾಮ್ರ ಮುಂತಾದ ಕಲ್ಮಶವನ್ನೂ ಎಳೆದುಕೊಂಡು ಹೋಗುತ್ತದೆ. ಬೆಳ್ಳಿ ಮಾತ್ರ ಗಾಳಿಗೆ ಜಗ್ಗುವುದಿಲ್ಲ. ಸೀಸದ ಕೊನೆಯ ಪರೆ ಹರಿದ ಕ್ಷಣ ಒಳಗಿನ ಗುಂಡು ಮಿಂಚಿನ ಹಾಗೆ ಒಮ್ಮೆ ಫಳ್ ಅಂತ ಹೊಳೆಯುತ್ತದೆ. ಕೆಲಸಗಾರನಿಗೆ ಅದೇ ಗುರುತು. ಪುಟಕ್ಕೆ ಹಾಕಿ ನೋಡು ಅಂತ ನಾವು ಮನುಷ್ಯರ ವಿಚಾರದಲ್ಲೂ ಅನ್ನುತ್ತೇವಲ್ಲ, ಲೋಹದ ವಿಚಾರದಲ್ಲಿ ಅದು ಹೀಗೆ.

ಕೊನೆಯ ಹಂತ ವಿದ್ಯುತ್ತಿನದು. ಬೆಳ್ಳಿಯ ಹಲಗೆಯೊಂದನ್ನು ಬೆಳ್ಳಿ ಉಪ್ಪಿನ ದ್ರಾವಣದಲ್ಲಿ ಇಳಿಬಿಟ್ಟು ಕರೆಂಟು ಹಾಯಿಸಿದರೆ, ಒಂದು ಕಡೆಯಿಂದ ಬೆಳ್ಳಿ ಕರಗಿ ಇನ್ನೊಂದು ಕಡೆ ಹರಳಾಗಿ ಕೂರುತ್ತದೆ. ಕಲ್ಮಶ ಹಿಂದೆ ಉಳಿಯುತ್ತದೆ. ಆಗ ಸಾವಿರಕ್ಕೆ 999 ಭಾಗ ಶುದ್ಧ ಬೆಳ್ಳಿ ಸಿಗುತ್ತದೆ.

ನಮ್ಮ ಊರಿನ ಅಕ್ಕಸಾಲಿಗರಿಗೂ ಒಂದು ವಿದ್ಯೆ ಗೊತ್ತು. ಚಿನ್ನ ಬೆಳ್ಳಿ ಎರಡೂ ಬೆರೆತಿದ್ದರೆ, ಚಿನ್ನದ ಮೂರರಷ್ಟು ಬೆಳ್ಳಿ ಆಗುವ ಹಾಗೆ ಮೂಸೆಯಲ್ಲಿ ಕರಗಿಸಿ, ತೆಳ್ಳಗೆ ತಟ್ಟಿ ನೈಟ್ರಿಕ್ ಆಮ್ಲದಲ್ಲಿ ಹಾಕುತ್ತಾರೆ. ಬೆಳ್ಳಿ ಕರಗುತ್ತದೆ, ಚಿನ್ನ ತಳದಲ್ಲಿ ಉಳಿಯುತ್ತದೆ. ಆಮೇಲೆ ಆ ಆಮ್ಲದ ನೀರಿಗೆ ತಾಮ್ರದ ತಗಡು ಇಳಿಬಿಟ್ಟರೆ ಕರಗಿದ ಬೆಳ್ಳಿ ಬೂದು ಪುಡಿಯಾಗಿ ಮತ್ತೆ ಹೊರಬರುತ್ತದೆ. ಆ ಹೊಗೆ ಮಾತ್ರ ಪುಪ್ಪಸಕ್ಕೆ ವಿಷ. ಮನೆಯಲ್ಲಿ ಯಾರೂ ಮಾಡಿ ನೋಡಬೇಡಿ.

ಬೆಳ್ಳಿ ದುಡ್ಡಾದದ್ದು

ನಮ್ಮ ಕನ್ನಡದಲ್ಲಿ ದುಡ್ಡಿಗೆ ‘ಹಣ’ ಅನ್ನುತ್ತೇವೆ. ಹಣ ಅಂದರೆ ಹಿಂದೆ ನಮ್ಮ ಸೀಮೆಯಲ್ಲಿ ನಡೆಯುತ್ತಿದ್ದ ಪುಟ್ಟ ಚಿನ್ನದ ನಾಣ್ಯ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯಿ ಹಣ ಹೆಸರಾದದ್ದು. ಹತ್ತು ಹಣಕ್ಕೆ ಒಂದು ವರಹದ ಲೆಕ್ಕ. ದಕ್ಷಿಣದಲ್ಲಿ ಚಿನ್ನ ದುಡ್ಡಾಗಿತ್ತು, ಉತ್ತರದಲ್ಲಿ ಬೆಳ್ಳಿ. ‘ರೂಪಾಯಿ’ ಎಂಬ ಮಾತೇ ಬೆಳ್ಳಿಗಿರುವ ಸಂಸ್ಕೃತದ ‘ರೂಪ್ಯ’ ಎಂಬ ಹೆಸರಿನಿಂದ ಬಂದದ್ದು. 1540ರ ದಶಕದಲ್ಲಿ ದೆಹಲಿಯ ಶೇರ್ ಷಾ ಅದಕ್ಕೊಂದು ಗಟ್ಟಿ ತೂಕ ಕೊಟ್ಟ. ನಮ್ಮ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗ ಟಿಪ್ಪು, ಬೆಳ್ಳಿಯ ರೂಪಾಯಿಗಳನ್ನೂ ಹೊರಡಿಸಿದ. ಅವನ ಎರಡು ರೂಪಾಯಿ ನಾಣ್ಯಕ್ಕೆ ‘ಹೈದರಿ’ ಎಂದು ಹೆಸರು.

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಸೀಮೆಗೆಲ್ಲ ಒಂದೇ ರೂಪಾಯಿ ಮಾಡಿತು. ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ 12ಕ್ಕೆ 11 ಪಾಲು ಬೆಳ್ಳಿ, ಒಂದು ಪಾಲು ಬೇರೆ ಲೋಹ. ಅಂದರೆ ಒಂದು ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಅಪ್ಪಟ ಬೆಳ್ಳಿ. ತೊಲ ಎಂಬುದೇ ರೂಪಾಯಿ ತೂಕ. ಎಂಬತ್ತು ರೂಪಾಯಿ ತಕ್ಕಡಿಗೆ ಹಾಕಿದರೆ ಒಂದು ಸೇರು. ಅಂದರೆ ನಾಣ್ಯವೇ ತೂಕದ ಬಟ್ಟು, ತೂಕದ ಬಟ್ಟೇ ನಾಣ್ಯ. ನೆಲದ ಮೇಲೆ ಎಸೆದರೆ ಠಣ್ ಅಂತ ಶಬ್ದ ಬರಬೇಕು. ಬರದಿದ್ದರೆ ಸಂತೆಯಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ.

ಆಗ ಬೆಳ್ಳಿ ಇದ್ದವರು ಟಂಕಸಾಲೆಗೆ ಕೊಟ್ಟರೆ ರೂಪಾಯಿ ಹೊಡೆದು ಕೊಡುತ್ತಿದ್ದರು. ಕೂಲಿ ಕೊಡದೆ ಏನಲ್ಲ, ಸ್ವಲ್ಪ ಹಿಡಿದುಕೊಳ್ಳುತ್ತಿದ್ದರು. ಹೀಗಾಗಿ ರೂಪಾಯಿಯ ಬೆಲೆಯೂ ಅದರೊಳಗಿನ ಬೆಳ್ಳಿಯ ಬೆಲೆಯೂ ಹೆಚ್ಚುಕಡಿಮೆ ಒಂದೇ. ಶತಮಾನಗಳ ಕಾಲ ಸುಮಾರು 15 ತೊಲ ಬೆಳ್ಳಿಗೆ ಒಂದು ತೊಲ ಚಿನ್ನ ಎಂಬ ಲೆಕ್ಕ ಇತ್ತು. 1870ರ ದಶಕದಲ್ಲಿ ಅದು ಕೆಟ್ಟಿತು. ಜರ್ಮನಿ, ಅಮೆರಿಕ ಮುಂತಾದ ದೇಶಗಳು ಬೆಳ್ಳಿಯನ್ನು ಕೈಬಿಟ್ಟು ಚಿನ್ನದ ನಾಣ್ಯಕ್ಕೆ ತಿರುಗಿದವು. ಅದೇ ಹೊತ್ತಿಗೆ ಅಮೆರಿಕದಲ್ಲಿ ಹೊಸ ಗಣಿಗಳಿಂದ ರಾಶಿರಾಶಿ ಬೆಳ್ಳಿ ಬಂತು. ಬೆಲೆ ಕುಸಿಯಿತು. ಎರಡು ಷಿಲಿಂಗ್ ಬಾಳುತ್ತಿದ್ದ ನಮ್ಮ ರೂಪಾಯಿ 1893ರ ಹೊತ್ತಿಗೆ ಒಂದೂಕಾಲು ಷಿಲಿಂಗಿನ ಹತ್ತಿರಕ್ಕೆ ಇಳಿಯಿತು.

ಇದರ ಪೆಟ್ಟು ಯಾರಿಗೆ, ಲಾಭ ಯಾರಿಗೆ ನೋಡಿ. ಕೆ.ಜಿ.ಎಫ್. ಗಣಿಗಳು ಬೆಳೆದದ್ದು ಸರಿಯಾಗಿ ಇದೇ ಕಾಲದಲ್ಲಿ. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ, ನಮ್ಮ ಹಳ್ಳಿಗಳಿಂದ ಹೋಗಿ ಪಾತಾಳಕ್ಕೆ ಇಳಿದವರಿಗೆ ಕೂಲಿ ಬೆಳ್ಳಿಯ ರೂಪಾಯಿಯಲ್ಲಿ. ಅವರು ತೆಗೆದ ಚಿನ್ನ ಮಾರಾಟವಾದದ್ದು ಲಂಡನ್ನಿನಲ್ಲಿ, ಚಿನ್ನದ ಪೌಂಡಿನಲ್ಲಿ. ರೂಪಾಯಿ ಇಳಿದಷ್ಟೂ ಅದೇ ಕೂಲಿ ಕಂಪನಿಗೆ ಇನ್ನೂ ಅಗ್ಗ. ದುಡ್ಡು ಯಾವ ಲೋಹದ್ದು ಎಂಬ ಪ್ರಶ್ನೆ ಪಂಡಿತರದು ಮಾತ್ರ ಅಂದುಕೊಳ್ಳಬೇಡಿ. ಅದು ಕೂಲಿಯವನ ಊಟದ ತಟ್ಟೆಯವರೆಗೂ ಬರುತ್ತದೆ.

1893ರ ಜೂನ್ 26ರಂದು ಸರ್ಕಾರ ಟಂಕಸಾಲೆಯ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿತು. ಮುಂದೆ ಒಂದು ಪೌಂಡಿಗೆ 15 ರೂಪಾಯಿ ಎಂದು ನಿಗದಿ ಮಾಡಿತು. ಅಲ್ಲಿಂದ ಮುಂದೆ ರೂಪಾಯಿಯ ಬೆಲೆ ಅದರಲ್ಲಿದ್ದ ಬೆಳ್ಳಿಗಿಂತ ಹೆಚ್ಚಾಯಿತು. ಆ ಹೆಚ್ಚಿನ ಪಾಲು ಏನು? ಅದು ನಂಬಿಕೆ. ಸರ್ಕಾರದ ಮುದ್ರೆ ಇದೆ, ನಾಳೆಯೂ ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂಬ ನಂಬಿಕೆ.

ಇದೇ ಕಾಲದಲ್ಲಿ ಸಹಕಾರ ಚಳವಳಿ ಹುಟ್ಟಿತು. 1904ರಲ್ಲಿ ಕಾಯಿದೆ ಬಂತು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಮ್ಮ ನಾಡಿನ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಕಾಲದ ರೈತರು ಷೇರಿಗೆ ಎಣಿಸಿ ಕೊಡುತ್ತಿದ್ದದ್ದು ಬೆಳ್ಳಿಯ ರೂಪಾಯಿ. ಅರ್ಧ ಬೆಲೆ ಲೋಹದ್ದು, ಅರ್ಧ ನಂಬಿಕೆಯದು ಅಂತ ಇಟ್ಟುಕೊಳ್ಳೋಣ. ಸಂಘಕ್ಕೆ ಬೇಕಾದದ್ದೂ ಅವೆರಡೇ.

ಆಮೇಲೆ ಎರಡು ಮಹಾಯುದ್ಧ ಬಂದವು. ಮೊದಲನೆಯದರಲ್ಲಿ ಬೆಳ್ಳಿಯ ಬೆಲೆ ಏರಿತು. ಜನ ರೂಪಾಯಿ ಬಚ್ಚಿಟ್ಟರು, ಕರಗಿಸಿದರು. ಸರ್ಕಾರಕ್ಕೆ ನಾಣ್ಯ ಹೊಡೆಯಲು ಬೆಳ್ಳಿ ಸಾಲದೆ 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಬಂತು. 1918ರಲ್ಲಿ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕಾಗಿ ಕೊಟ್ಟಿತು. ಎರಡನೆಯ ಯುದ್ಧದಲ್ಲಿ, 1940ರಲ್ಲಿ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ತೂಕ ಅದೇ, ಒಳಗೆ 50 ಪಾಲು ಬೆಳ್ಳಿ, 40 ಪಾಲು ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. 1947ರ ರೂಪಾಯಿ ಬರೀ ನಿಕ್ಕಲ್. ಬೆಳ್ಳಿಯ ಹೆಸರನ್ನೇ ಹೊತ್ತ ನಾಣ್ಯದಲ್ಲಿ ಬೆಳ್ಳಿಯೇ ಇಲ್ಲ! ಆದರೂ ಅಂಗಡಿಯವನು ಸಕ್ಕರೆ ಕೊಟ್ಟ, ಬಸ್ಸಿನವನು ಟಿಕೆಟ್ ಕೊಟ್ಟ. ಹಿಂದಿನ ಅಪ್ಪಟ ಬೆಳ್ಳಿ ರೂಪಾಯಿ ಏನಾಯಿತು? ಕೆಲವು ದೇವರ ಪೆಟ್ಟಿಗೆಯಲ್ಲಿ ಲಕ್ಷ್ಮೀಪೂಜೆಗೆ ಉಳಿದವು. ಬಹಳಷ್ಟು ಮೂಸೆಗೆ ಹೋಗಿ ಚೊಂಬಾಗಿ, ಗೆಜ್ಜೆಯಾಗಿ, ಡಾಬಾಗಿ ಹೊರಬಂದವು. ನಮ್ಮಮ್ಮನ ಕಡಗವೂ ಹಾಗೆ ಬಂದದ್ದೋ ಏನೋ.

ಮನೆಯ ಬೆಳ್ಳಿ

ಸರ್ಕಾರ ಬೆಳ್ಳಿಯನ್ನು ಕೈಬಿಟ್ಟರೂ ನಮ್ಮ ಹೆಣ್ಣುಮಕ್ಕಳು ಬಿಡಲಿಲ್ಲ. ಚಿನ್ನ ಕೊಳ್ಳುವ ಶಕ್ತಿ ಇಲ್ಲದ ಮನೆಗೆ ಬೆಳ್ಳಿಯೇ ಬ್ಯಾಂಕು. ಮಗುವಿಗೆ ಉಡಿದಾರ, ಮದುಮಗಳಿಗೆ ಕಾಲುಂಗುರ, ಕಷ್ಟಕ್ಕೆ ಗಿರವಿ. ಆದ್ದರಿಂದ ಈ ಬ್ಯಾಂಕಿನ ಲೆಕ್ಕ ನಮಗೆ ಗೊತ್ತಿರಬೇಕು.

ಮೊದಲನೆಯದು, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮ್ಮ ಗಾದೆ. ಬೆಳ್ಳಗಿರುವುದೆಲ್ಲ ಬೆಳ್ಳಿಯೂ ಅಲ್ಲ. ಅಂಗಡಿಯಲ್ಲಿ ‘ಜರ್ಮನ್ ಬೆಳ್ಳಿ’ ಅಂತ ತಟ್ಟೆ, ಕುಂಕುಮದ ಬಟ್ಟಲು ಮಾರುತ್ತಾರೆ. ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು. ಪಾತ್ರೆಯಾಗಿ ಕೊಳ್ಳಿ, ಆಸ್ತಿ ಅಂತ ಕೊಳ್ಳಬೇಡಿ.

ಎರಡನೆಯದು, ಅಪ್ಪಟ ಬೆಳ್ಳಿ ಬಹಳ ಮೆದು. ಒಡವೆ ಗಟ್ಟಿಯಾಗಲು ತಾಮ್ರ ಬೆರೆಸಲೇಬೇಕು. ಬೆರೆಸುವುದು ತಪ್ಪಲ್ಲ, ಎಷ್ಟು ಬೆರೆಸಿದೆ ಎಂದು ಹೇಳದಿರುವುದು ತಪ್ಪು. 2005ರಿಂದ ಭಾರತೀಯ ಮಾನಕ ಸಂಸ್ಥೆ ಬೆಳ್ಳಿಗೂ ಹಾಲ್‌ಮಾರ್ಕ್ ಮುದ್ರೆ ಕೊಡುತ್ತಿದೆ. 925 ಎಂದಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ, 990 ಎಂದಿದ್ದರೆ 990 ಪಾಲು. 2025ರ ಸೆಪ್ಟೆಂಬರ್ 1ರಿಂದ ಚಿನ್ನಕ್ಕಿರುವ ಹಾಗೆ ಬೆಳ್ಳಿ ಒಡವೆಗೂ ಒಂದೊಂದಕ್ಕೆ ಬೇರೆ ಬೇರೆ ಗುರುತಿನ ಸಂಖ್ಯೆ ಹಾಕುವ ಏರ್ಪಾಡು ಬಂತು. ಆಗ ಅದನ್ನು ಕಡ್ಡಾಯ ಮಾಡಲಿಲ್ಲ, ಅಂಗಡಿಯವರ ಇಷ್ಟಕ್ಕೆ ಬಿಟ್ಟರು. ಆದ್ದರಿಂದ ಕೇಳುವುದು ನಮ್ಮ ಕೆಲಸ. ಮುದ್ರೆ ನೋಡಿ, ರಸೀದಿಯಲ್ಲಿ ತೂಕವನ್ನೂ ಶುದ್ಧತೆಯನ್ನೂ ಬರೆಸಿ.

ಮೂರನೆಯದು ಒಂದು ಪರೀಕ್ಷೆ. ನಮ್ಮ ಸಂಘದಲ್ಲಿ ಲ್ಯಾಕ್ಟೋಮೀಟರ್ ನೋಡಿದ್ದೀರಿ. ಹಾಲಿಗೆ ನೀರು ಬೆರೆತರೆ ಸಾಂದ್ರತೆ ಕಡಿಮೆಯಾಗಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ. ಬೆಳ್ಳಿಗೂ ಅದೇ ತತ್ವ. ಬೆಳ್ಳಿ ನೀರಿಗಿಂತ ಹತ್ತೂವರೆ ಪಟ್ಟು ತೂಕ. ಕಲ್ಲು, ಟೊಳ್ಳು ಇಲ್ಲದ ಒಂದು ಬೆಳ್ಳಿ ವಸ್ತುವನ್ನು ತೂಗಿ, 105 ಗ್ರಾಂ ಬಂತು ಅನ್ನಿ. ಅದನ್ನೇ ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಮುಳುಗಿಸಿ ತೂಗಿದರೆ 95 ಗ್ರಾಂ ಬರಬೇಕು. ಜರ್ಮನ್ ಬೆಳ್ಳಿಯಾದರೆ 93ರ ಹತ್ತಿರ ಬರುತ್ತದೆ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಬೇಕು. ಒಳಗೆ ಅರಗು ತುಂಬಿದ ಒಡವೆಗೆ ಈ ಲೆಕ್ಕ ನಡೆಯುವುದಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಹೇಳಿದರೆ ಖುಷಿಯಾಗಿ ಮಾಡಿಕೊಡುತ್ತಾರೆ.

ನಾಲ್ಕನೆಯದು ಗಿರವಿ. ಇದನ್ನು ತಾಯಂದಿರು ಗಮನವಿಟ್ಟು ಕೇಳಬೇಕು. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಚಿನ್ನ ಮತ್ತು ಬೆಳ್ಳಿ ಒಡವೆ ಸಾಲಕ್ಕೆ ಹೊಸ ನಿಯಮ ಮಾಡಿ, ಬ್ಯಾಂಕುಗಳೂ ಸಹಕಾರಿ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ 2026ರ ಏಪ್ರಿಲ್ 1ರೊಳಗೆ ಪಾಲಿಸಬೇಕೆಂದು ಗಡುವು ಕೊಟ್ಟಿತು. ಅದರ ಪ್ರಕಾರ ಒಬ್ಬರು 10 ಕಿಲೋವರೆಗೆ ಬೆಳ್ಳಿ ಒಡವೆ, 500 ಗ್ರಾಂವರೆಗೆ ಬೆಳ್ಳಿ ನಾಣ್ಯ ಅಡವಿಡಬಹುದು. ಬೆಳ್ಳಿಯ ಗಟ್ಟಿಗೆ ಸಾಲವಿಲ್ಲ. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಒಡವೆಯ ಲೋಹದ ಬೆಲೆಯ ನೂರಕ್ಕೆ 85ರವರೆಗೆ ಕೊಡಬಹುದು. ಒಡವೆಯ ಪರೀಕ್ಷೆ ಸಾಲಗಾರರ ಎದುರಿನಲ್ಲೇ ಆಗಬೇಕು. ತೂಕ, ಶುದ್ಧತೆ, ಬೆಲೆ ಬರೆದ ಪ್ರಮಾಣಪತ್ರ ಕೊಡಬೇಕು. ಸಾಲ ತೀರಿಸಿದ ಮೇಲೆ ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸ್ಸು ಕೊಡಬೇಕು. ತಮ್ಮ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಖಾಸಗಿ ಗಿರವಿ ಅಂಗಡಿಗಳಿಗೆ ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯೇ ಬೇರೆ ಇದೆ, ಪರವಾನಗಿ ಇರಬೇಕು, ಚೀಟಿ ಕೊಡಲೇಬೇಕು. ನಮ್ಮಪ್ಪನಿಗೆ ಆವತ್ತು ಇದು ಗೊತ್ತಿದ್ದರೆ! ಚೀಟಿ ಕೇಳಿದರೆ ಅವರಿಗೆ ಬೇಜಾರಾಗುತ್ತದೆ ಅಂತ ಅವರು ಸುಮ್ಮನಿದ್ದರು. ಸಂಕೋಚಕ್ಕೆ ಒಂದು ಜೊತೆ ಕಡಗ ಹೋಯಿತು.

ಐದನೆಯದು, ಬೆಳ್ಳಿ ಏರುತ್ತದೆ ಅಂತ ಸಾಲ ಮಾಡಿ ಬೆಳ್ಳಿ ಕೊಳ್ಳಬೇಡಿ. ಅಮೆರಿಕದಲ್ಲಿ ಹಂಟ್ ಸಹೋದರರು ಅಂತ ಎಣ್ಣೆಯ ಕುಬೇರರಿದ್ದರು. ಜಗತ್ತಿನ ಬೆಳ್ಳಿಯನ್ನೆಲ್ಲ ಬಾಚಿಕೊಳ್ಳಲು ಹೋಗಿ 1980ರ ಜನವರಿಯಲ್ಲಿ ಔನ್ಸಿನ ಬೆಲೆಯನ್ನು 50 ಡಾಲರಿನ ಹತ್ತಿರಕ್ಕೆ ಏರಿಸಿದರು. ಮಾರ್ಚ್ 27ರ ಹೊತ್ತಿಗೆ ಅದು 11 ಡಾಲರಿಗಿಂತ ಕೆಳಗೆ ಬಿತ್ತು. ಅವರ ಐಶ್ವರ್ಯ ಕರಗಿತು. ಆ ಬೆಲೆಯನ್ನು ಬೆಳ್ಳಿ ಚೆನ್ನಾಗಿ ದಾಟಿದ್ದು 2025ರ ಅಕ್ಟೋಬರಿನಲ್ಲಿ, 45 ವರ್ಷದ ಮೇಲೆ. ಈಗ ಸೌರ ಫಲಕಕ್ಕೆ, ವಿದ್ಯುತ್ ಉಪಕರಣಕ್ಕೆ ಬೆಳ್ಳಿ ಬೇಕಾಗಿದೆ, ಅದಕ್ಕೇ ಬೇಡಿಕೆ ಇದೆ. ಆದರೂ 45 ವರ್ಷ ಕಾಯುವ ಶಕ್ತಿ ನಮ್ಮಲ್ಲಿ ಯಾರಿಗಿದೆ?

ಸಂಘದ ಒರೆಗಲ್ಲು

ಇಷ್ಟೆಲ್ಲ ಹೇಳಿ ಕೊನೆಗೆ ಸಂಘಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ಎಂ.ವಿ. ಕೃಷ್ಣಪ್ಪನವರು ಹೊರದೇಶದ ತಳಿಯ ಹಸು ತರಿಸಿ ಹಾಲಿನ ಕ್ರಾಂತಿಗೆ ಬುನಾದಿ ಹಾಕಿದರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಬರದ ಸೀಮೆಯಲ್ಲಿ ರೇಷ್ಮೆ ಗೂಡು, ಹಾಲು, ಇವೆರಡೇ ನಮ್ಮನ್ನು ಕಾಪಾಡಿದವು. ಹಾಲಿನ ಕೆಲಸ ನಿಂತಿರುವುದು ಯಾವುದರ ಮೇಲೆ? ಪರೀಕ್ಷೆ ಮತ್ತು ಪುಸ್ತಕದ ಮೇಲೆ. ಬೆಳಿಗ್ಗೆ ಆರು ಗಂಟೆಗೆ ನೀವು ಹಾಕಿದ ಹಾಲಿಗೆ ಎಷ್ಟು ಫ್ಯಾಟ್, ಎಷ್ಟು ಲೀಟರ್ ಎಂದು ನಿಮ್ಮ ಎದುರಿಗೇ ನೋಡಿ, ನಿಮ್ಮ ಕೈಗೇ ಚೀಟಿ ಕೊಡುತ್ತಾರೆ. ಗೌಡರ ಮನೆಯ ಹಾಲಿಗೂ ಕೂಲಿಯವಳ ಮನೆಯ ಹಾಲಿಗೂ ಒಂದೇ ಲ್ಯಾಕ್ಟೋಮೀಟರ್. ಟಂಕಸಾಲೆ ರೂಪಾಯಿಗೆ ಮಾಡುತ್ತಿದ್ದ ಕೆಲಸವೂ ಇದೇ: ತೂಕ, ಶುದ್ಧತೆ, ಮುದ್ರೆ. ಆ ಮುದ್ರೆಯನ್ನು ಜನ ನಂಬಿದ್ದರಿಂದ ಬೆಳ್ಳಿ ಹೋದ ಮೇಲೂ ರೂಪಾಯಿ ನಡೆಯಿತು. ನಂಬಿಕೆ ಹೋಗಿದ್ದರೆ ಬೆಳ್ಳಿ ಇದ್ದೂ ನಡೆಯುತ್ತಿರಲಿಲ್ಲ.

ಆದ್ದರಿಂದ ಆಡಳಿತ ಮಂಡಳಿಯವರಿಗೆ ಒಂದು ಮಾತು. ತಪ್ಪು ತಿಳಿಯಬೇಡಿ, ನನ್ನ ಕೈಯಲ್ಲಿ ಓದಿದವರೇ ಇಲ್ಲಿ ಅರ್ಧ ಜನ ಇದ್ದೀರಿ. ಪರೀಕ್ಷೆ ಒಂದು ದಿನವೂ ತಪ್ಪಬಾರದು. ನೆಂಟರ ಕ್ಯಾನಿಗೆ ಬೇರೆ, ಇತರರ ಕ್ಯಾನಿಗೆ ಬೇರೆ ಆಗಬಾರದು. ಲೆಕ್ಕ ಸರ್ವಸದಸ್ಯರ ಸಭೆಯಲ್ಲಿ ಓದಿದಾಗ ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೂ ಅರ್ಥವಾಗಬೇಕು. ಸದಸ್ಯರಿಗೂ ಒಂದು ಮಾತು. ಚೀಟಿಯನ್ನು ಬಿಸಾಡಬೇಡಿ. ಸಂಶಯ ಬಂದರೆ ಹೊಲದ ಬದುವಿನ ಮೇಲೆ ಕೂತು ಆಡಿಕೊಳ್ಳಬೇಡಿ, ಸಂಘದ ಕೌಂಟರಿನ ಎದುರು ನಿಂತು ಕೇಳಿ.

ನಮ್ಮ ತಾಯಿ ಈ ಸಂಘ ಶುರುವಾದಾಗ ಸದಸ್ಯೆಯಾದರು. ಅಕ್ಷರ ಬಾರದು, ಹೆಬ್ಬೆಟ್ಟು ಒತ್ತಿದರು. ಒಂದು ವರ್ಷ ಬೋನಸ್ ಬಂದಾಗ ಮೊಮ್ಮಗಳಿಗೆ ಗೆಜ್ಜೆ ಕೊಡಿಸಬೇಕು ಅಂತ ನನ್ನನ್ನು ಕರೆದುಕೊಂಡು ಕೋಲಾರದ ಪೇಟೆಗೆ ಹೋದರು. ಅಂಗಡಿಯವರು ಗೆಜ್ಜೆ ತೂಗಿ, ಡಬ್ಬಿಗೆ ಹಾಕಿ ಕೊಟ್ಟರು. ಅಮ್ಮ ಡಬ್ಬಿ ಮುಟ್ಟಲಿಲ್ಲ. ಕೈ ಚಾಚಿ, “ಚೀಟಿ ಎಲ್ಲಪ್ಪಾ?” ಅಂದರು. “ಓದೋಕೆ ಬರುತ್ತೇನಜ್ಜೀ?” ಅಂತ ಆತ ನಕ್ಕ. “ನನಗೆ ಬರಲ್ಲ, ಗೆಜ್ಜೆ ಹಾಕ್ಕೊಳ್ಳೋಳಿಗೆ ಬರುತ್ತೆ. ನಮ್ಮ ಡೈರೀಲಿ ದಿನಾ ಕೊಡ್ತಾರೆ, ನೀನೂ ಕೊಡು” ಅಂದರು. ಆತ ತೂಕ, ಬೆಲೆ ಎಲ್ಲ ಬರೆದು ಕೊಟ್ಟ.

ಆ ಚೀಟಿ ಈಗಲೂ ನಮ್ಮ ಮನೆಯಲ್ಲಿದೆ. ನಮ್ಮ ಸಂಘ ಇಪ್ಪತ್ತೈದು ವರ್ಷದಲ್ಲಿ ಊರಿಗೆ ಏನು ಕೊಟ್ಟಿತು ಅಂತ ಯಾರಾದರೂ ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ.

ಸಂಘ ಇನ್ನೂ ಇಪ್ಪತ್ತೈದು ವರ್ಷ ಇದೇ ಒರೆಗೆ ನಿಲ್ಲಲಿ, ಚಿನ್ನದ ಹಬ್ಬವನ್ನು ನಮ್ಮ ಮೊಮ್ಮಕ್ಕಳು ಮಾಡಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.